ಗೃಹಾಲಂಕಾರದಲ್ಲಿ ಮೇಣದ ಬತ್ತಿ

ಮನೆಯನ್ನು ಅಂದವಾಗಿ ಇಟ್ಟುಕೊಳ್ಳುವ ವಿಷಯದಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರು ಆಗಾಗ್ಗೆ ನಮ್ಮನ್ನು ವಿಚಾರಿಸುವುದುಂಟು. ಹೂವು, ಪರದೆ, ಪಟ ಮುಂತಾದವುಗಳನ್ನು ಕುರಿತು ಹೇಳತಕ್ಕವರು ಹಲವರಿದ್ದಾರೆ. ಮೇಣದ ಬತ್ತಿಯನ್ನು ಕುರಿತು ಹೇಳತಕ್ಕವರು ಕಡಿಮೆ. ವಿದ್ಯುದ್ದೀಪವು ಮನೆಮನೆಗೂ ಬಂದ ಮೇಲೆ ಬೆಳಕಿಗಾಗಿ ಮೇಣದ ಬತ್ತಿಯನ್ನು ನೆಚ್ಚಿಕೊಳ್ಳುವ ಅವಶ್ಯವು ಬಹಳ ಮಟ್ಟಿಗೆ ತಪ್ಪಿತು. ಆದರೂ ಅದು ಮನೆಯನ್ನು ಬಿಟ್ಟು ಹೋಗಲಿಲ್ಲ. ಕ್ರಿಸ್‌ಮಸ್ಸಿನ ಸಂಜೆ, ಮಕ್ಕಳ ಹುಟ್ಟುಹಬ್ಬ, ಅತಿಥಿಗಳು ಬಂದ ರಾತ್ರಿ ಇಂಥ ಸಮಯಗಳಲ್ಲಿ ಅಲಂಕಾರವಸ್ತುವಾಗಿ ಮೇಜಿನ ಮೇಲೆ ಬಂದು ನಿಂತಿದೆ. ಅಂಗಡಿಗಳಲ್ಲಿಯೂ ನಾನಾ ಬಣ್ಣದ, ನಾನಾ ಆಕಾರದ, ನಾನಾ ಪರಿಮಳದ ಬತ್ತಿಗಳು ಮಾರಾಟಕ್ಕಿವೆ. ಇವುಗಳಲ್ಲಿ ಎಂಥದನ್ನು ಆರಿಸಬೇಕು, ಎಲ್ಲಿ ಇಡಬೇಕು, ಹೇಗೆ ಉರಿಸಬೇಕು ಎಂಬುದನ್ನು ಇಲ್ಲಿ ತಿಳಿಸಲು ಯತ್ನಿಸುವೆವು.

ಹೂಜಿಯನ್ನಾಗಲಿ ಪಟವನ್ನಾಗಲಿ ಒಂದು ಕಡೆ ಇಟ್ಟು ಮರೆತುಬಿಡಬಹುದು. ಹೊತ್ತಿಸಿದ ಮೇಣದ ಬತ್ತಿಯನ್ನು ಮರೆಯಲಾಗದು. ಅದರ ಅಂದವೆಲ್ಲ ಇರುವುದು ಉರಿಯಲ್ಲಿ. ಅದರ ಅಪಾಯವೂ ಅಲ್ಲಿಯೇ ಇದೆ. ಆದುದರಿಂದ ಬತ್ತಿಯು ಹೇಗೆ ಉರಿಯುತ್ತದೆಂಬುದನ್ನು ಅರಿತ ಗೃಹಿಣಿಯು ಉಳಿದ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಅವು ತಾವಾಗಿಯೇ ಹೊಳೆಯುವುವು.

ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ ಎಂಬ ಪಂಡಿತರು 1848ರಲ್ಲಿ ಒಮ್ಮೆಯೂ 1860ರ ಕೊನೆಯಲ್ಲಿ ಇನ್ನೊಮ್ಮೆಯೂ ಎಳೆಯರಿಗೋಸ್ಕರ ಕ್ರಿಸ್‌ಮಸ್ ಉಪನ್ಯಾಸಗಳನ್ನು ಮಾಡಿದರು. ಅವರು ಆರಿಸಿಕೊಂಡ ವಿಷಯವು ಒಂದು ಮೇಣದ ಬತ್ತಿ. ಅವರು ತೋರಿಸಿಕೊಟ್ಟ ಸಂಗತಿಯನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ಉರಿಯ ಕಾವಿಗೆ ಬತ್ತಿಯ ತುದಿಯ ಮೇಣವು ಕರಗಿ ಪುಟ್ಟ ಬಟ್ಟಲಿನಲ್ಲಿರುವಂತೆ ನಿಲ್ಲುತ್ತದೆ. ನಡುವಿನ ಹತ್ತಿಯ ನೂಲು ಆ ದ್ರವವನ್ನು ಮೇಲಕ್ಕೆ ಹೀರುತ್ತದೆ. ಅಲ್ಲಿ ಅದು ಆವಿಯಾಗಿ ಗಾಳಿಯೊಡನೆ ಕೂಡಿ ಉರಿಯುತ್ತದೆ. ಬತ್ತಿಯನ್ನು ಆರಿಸಿದೊಡನೆ ಏಳುವ ಬಿಳಿಯ ಎಳೆಯು ಈ ಆವಿಯೇ ತಣ್ಣಗಾಗಿ ಕಾಣುವ ರೂಪ. ಅದಕ್ಕೆ ಕಡ್ಡಿಯನ್ನು ಹಿಡಿದರೆ ಉರಿಯು ಹಾರಿ ಬಂದು ಮರಳಿ ನೂಲಿಗೆ ಹತ್ತುವುದು. ಉರಿಯ ಹಳದಿ ಹೊಳಪಾದರೋ ಅದರೊಳಗೆ ಕಾದು ಬೆಳಗುವ ಸೂಕ್ಷ್ಮವಾದ ಇಂಗಾಲದ ಕಣಗಳದು. ಆವಿಯು ಹೆಚ್ಚಾಗಿ ಗಾಳಿಯು ಸಾಲದೆ ಹೋದರೆ ಆ ಕಣಗಳು ಪೂರ್ತಿ ಸುಡದೆ ಮಸಿಯಾಗಿ ಹೊರಬೀಳುವುವು. ಹೀಗೆ ಮೇಣ, ನೂಲು, ಗಾಳಿ ಈ ಮೂರೂ ಒಂದಕ್ಕೊಂದು ಹೊಂದಿಕೊಂಡಿದ್ದರೆ ಮಾತ್ರ ಉರಿಯು ನಿಶ್ಚಲವಾಗಿಯೂ ನಿರ್ಮಲವಾಗಿಯೂ ಇರುವುದು.

ಮೊದಲು ಮೇಣದ ವಿಷಯ. ಪೂರ್ವಕಾಲದಲ್ಲಿ ಯುರೋಪಿನ ಬಡವರು ಪ್ರಾಣಿಗಳ ಕೊಬ್ಬಿನಿಂದ ಮಾಡಿದ ಬತ್ತಿಗಳನ್ನು ಉರಿಸುತ್ತಿದ್ದರು. ಅವು ಹೊಗೆಯನ್ನೂ ದುರ್ವಾಸನೆಯನ್ನೂ ಕೊಡುತ್ತಿದ್ದುವು. ಜೇನುಮೇಣದ ಬತ್ತಿಗಳು ದೇವಾಲಯಗಳಿಗೂ ಸಿರಿವಂತರ ಮನೆಗಳಿಗೂ ಸೇರಿದ್ದುವು. 1825ರಲ್ಲಿ ಫ್ರಾನ್ಸಿನ ಶೆವ್ರಲ್ ಮತ್ತು ಗೇ-ಲ್ಯುಸಾಕ್ ಎಂಬ ರಸಾಯನಶಾಸ್ತ್ರಜ್ಞರು ಕೊಬ್ಬಿನಿಂದ ಬೇರ್ಪಡಿಸಿದ ಗಟ್ಟಿಯಾದ ಪದಾರ್ಥದಿಂದ ಬತ್ತಿ ಮಾಡುವುದಕ್ಕೆ ಹಕ್ಕುಪತ್ರವನ್ನು ಪಡೆದರು. ಈ ಪದಾರ್ಥವೇ ಸ್ಟಿಯರಿನ್. 1850ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಯಂಗ್ ಎಂಬವರು ಕಲ್ಲಿದ್ದಲಿನಿಂದ ಪ್ಯಾರಾಫಿನ್ ತೆಗೆಯುವ ವಿಧಾನಕ್ಕೆ ಹಕ್ಕುಪತ್ರ ಪಡೆದರು. ಅನಂತರ ಪ್ಯಾರಾಫಿನ್ ಮೇಣವು ಭೂತೈಲದಿಂದಲೂ ದೊರೆಯಲಾರಂಭಿಸಿ ಮೇಣದ ಬತ್ತಿಯು ಎಲ್ಲರ ಕೈಗೂ ಎಟುಕಿತು. ಇಂದು ಅಂಗಡಿಯಲ್ಲಿ ದೊರೆಯುವ ಅಗ್ಗದ ಬತ್ತಿಗಳಲ್ಲಿ ಬಹುಪಾಲು ಇದರಿಂದಲೇ ಆದವುಗಳು. ಸೋಯಾ ಎಣ್ಣೆಯ ಮೇಣವೂ ಈಗ ಪ್ರಚಾರದಲ್ಲಿದೆ. ಅದು ಮೆತ್ತಗಿರುವುದರಿಂದ ಸಾಮಾನ್ಯವಾಗಿ ಗಾಜಿನ ಪಾತ್ರೆಯಲ್ಲಿ ತುಂಬಿ ಮಾರುತ್ತಾರೆ.

ಯಾವುದನ್ನು ಕೊಳ್ಳಬೇಕು? ಜೇನುಮೇಣವು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗುತ್ತದೆ. ಆದುದರಿಂದ ಬೇಸಗೆಯಲ್ಲಿಯೂ ಬಹುಮಟ್ಟಿಗೆ ನೆಟ್ಟಗೆ ನಿಲ್ಲುತ್ತದೆ. ಅದರ ಬೆಲೆ ಮಾತ್ರ ಹೆಚ್ಚು. ಮೃದುವಾದ ಪ್ಯಾರಾಫಿನ್ನಿನ ತೆಳ್ಳನೆಯ ಬತ್ತಿಗಳು ರಾಯಚೂರು, ಬಳ್ಳಾರಿಗಳಂಥ ಸೀಮೆಯ ಬಿರುಬೇಸಗೆಯಲ್ಲಿ ಹೊತ್ತಿಸುವ ಮುನ್ನವೇ ಬಾಗಿಬಿಡುವುದುಂಟು. ಅಂಥ ಊರಿನವರು ಕುಳ್ಳಾದ, ದಪ್ಪವಾದ ಬತ್ತಿಗಳನ್ನಾಗಲಿ ಸ್ಟಿಯರಿನ್ ಬೆರೆಸಿ ಗಟ್ಟಿಮಾಡಿದವುಗಳನ್ನಾಗಲಿ ಆರಿಸುವುದು ಮೇಲು. ಕೊಂಡ ಬತ್ತಿಗಳನ್ನು ಕಾಗದದಲ್ಲಿ ಸುತ್ತಿ, ಬಿಸಿಲು ತಾಗದ ತಂಪಾದ ಪೆಟ್ಟಿಗೆಯಲ್ಲಿ ಮಲಗಿಸಿ ಇಡಬೇಕು. ಜೇನುಮೇಣದ ಮೇಲೆ ಕಾಲಕ್ರಮದಲ್ಲಿ ಬೂಷ್ಟಿನಂತೆ ತೋರುವ ಬಿಳಿಯ ಪುಡಿಯು ಕೆಡುಕಿನ ಗುರುತಲ್ಲ. ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಹೋಗುವುದು. ಎಷ್ಟು ಬೆಲೆ ಕೊಟ್ಟರೂ ಮಸಿಯನ್ನೇ ಕೊಡದ ಮೇಣವಿಲ್ಲವೆಂಬುದನ್ನು ನೆನಪಿಡಬೇಕು. ಸಾಧಾರಣ ಬತ್ತಿಯೂ ಸರಿಯಾಗಿ ಉರಿಸಿದರೆ ಚೊಕ್ಕಟವಾಗಿಯೇ ಉರಿಯುವುದು.

ಎರಡನೆಯದು ನೂಲು. ಕೊಳ್ಳುವಾಗ ಅದು ಬತ್ತಿಯ ನಟ್ಟನಡುವೆ ಇದೆಯೋ ಎಂದು ನೋಡಬೇಕು. ಓರೆಯಾಗಿದ್ದರೆ ಒಂದು ಪಕ್ಕ ಮಾತ್ರ ಕರಗಿ ಮೇಣವು ಹರಿದುಹೋಗುವುದು. ನೂಲಿನೊಳಗೆ ಲೋಹದ ತಂತಿಯಿದ್ದರೆ ತುದಿಯನ್ನು ಬಿಳಿಯ ಕಾಗದದ ಮೇಲೆ ಉಜ್ಜಿರಿ. ಸೀಸದ ಕಡ್ಡಿಯಿಂದ ಬರೆದಂತೆ ಬೂದುಬಣ್ಣದ ಗೆರೆಯು ಬಿದ್ದರೆ ಅದು ಸೀಸವಾಗಿರಬಹುದು, ಅದನ್ನು ಕೊಳ್ಳಕೂಡದು. ಸೀಸದ ಹೊಗೆಯು ಮಕ್ಕಳಿಗೆ ವಿಷವಾದುದರಿಂದ ಅಮೆರಿಕದಲ್ಲಿ 2003ರಲ್ಲಿ ಇಂಥ ಬತ್ತಿಗಳನ್ನು ನಿಷೇಧಿಸಿದರು. ಪ್ರತಿಸಲ ಹೊತ್ತಿಸುವ ಮೊದಲು ನೂಲನ್ನು ಕಾಲಂಗುಲಕ್ಕೆ ಕತ್ತರಿಸಬೇಕು. ಉದ್ದವಾದ ನೂಲು ಅಧಿಕವಾಗಿ ಮೇಣವನ್ನು ಹೀರಿ ಗೋಡೆಗೂ ತಾರಸಿಗೂ ಮಸಿ ಹಿಡಿಸುವುದು. ದಪ್ಪ ಬತ್ತಿಯನ್ನು ಮೊದಲ ಸಲ ಹೊತ್ತಿಸಿದಾಗ ಅಗಲದ ಒಂದೊಂದು ಅಂಗುಲಕ್ಕೆ ಒಂದು ಗಂಟೆಯ ಲೆಕ್ಕದಲ್ಲಿ, ಕರಗಿದ ಮೇಣವು ಅಂಚಿನ ಸಮೀಪಕ್ಕೆ ಬರುವ ತನಕ ಉರಿಸಬೇಕು. ಇಲ್ಲವಾದರೆ ನಡುವೆ ಗುಂಡಿ ಬಿದ್ದು ಸುತ್ತಣ ಮೇಣವು ವ್ಯರ್ಥವಾಗುವುದು.

ಮೂರನೆಯದು ಗಾಳಿ. ನಮ್ಮ ಮನೆಗಳಲ್ಲಿ ಬತ್ತಿಗೆ ದೊಡ್ಡ ಶತ್ರುವೆಂದರೆ ತಲೆಯ ಮೇಲೆ ತಿರುಗುವ ಪಂಖವೇ. ಗಾಳಿಯ ಹೊಡೆತಕ್ಕೆ ಉರಿಯು ಬಾಗಿ ಮೇಣವನ್ನು ಒಂದೇ ಪಕ್ಕಕ್ಕೆ ಸುರಿಸುತ್ತದೆ, ಮಸಿಯನ್ನೂ ಕಾರುತ್ತದೆ. ಪಂಖವನ್ನು ನಿಲ್ಲಿಸಲಾಗದ ಕೋಣೆಗೆ ಬತ್ತಿಯು ತಕ್ಕುದಲ್ಲ. ಹಲವು ಬತ್ತಿಗಳನ್ನು ಒಟ್ಟಿಗೆ ಇಡುವಾಗ ನಡುವೆ ಮೂರು ಅಂಗುಲವಾದರೂ ಅಂತರವಿರಲಿ. ಇಲ್ಲವಾದರೆ ಒಂದರ ಕಾವಿಗೆ ಇನ್ನೊಂದು ಕರಗುವುದು. ಪರದೆ, ಪುಸ್ತಕ, ಕಾಗದದ ಹೂ ಮೊದಲಾದವು ಒಂದಡಿಯೊಳಗೆ ಇರಕೂಡದು. ಕಪಾಟಿನ ಹಲಗೆಯ ಕೆಳಗೆ ಬತ್ತಿಯನ್ನು ಇಡಲೇಬಾರದು. ಕಾವೆಲ್ಲ ಮೇಲಕ್ಕೇ ಏರುತ್ತದೆ.

ಈ ಮೂರನ್ನೂ ಅರಿತ ಮೇಲೆ ಅಲಂಕಾರವು ಸುಲಭ. ಬಿಳುಪು ಇಲ್ಲವೆ ಕೆನೆಬಣ್ಣದ ಬತ್ತಿಯು ಎಲ್ಲ ಕೋಣೆಗಳಿಗೂ ಒಪ್ಪುವುದು. ಊಟದ ಮೇಜಿನ ಮೇಲೆ ಉರಿಯು ಕುಳಿತವರ ಕಣ್ಣಿನ ಮಟ್ಟಕ್ಕಿಂತ ಮೇಲೆ ಇಲ್ಲವೆ ಕೆಳಗೆ ಇರಲಿ. ಎದುರಿನವರ ಮುಖವನ್ನು ಮರೆಮಾಡುವ ದೀಪದಿಂದ ಸಂಭಾಷಣೆಗೆ ತೊಡಕು. ಪರಿಮಳದ ಬತ್ತಿಯನ್ನು ಊಟದ ಹೊತ್ತಿನಲ್ಲಿ ಉರಿಸುವುದು ಬೇಡ. ಅನ್ನ ಸಾರುಗಳ ಸುವಾಸನೆಯೊಡನೆ ಅದು ಹೊಂದದು. ಹಿಂದೆ ಕನ್ನಡಿಯನ್ನಿರಿಸಿದರೆ ಒಂದು ಉರಿಯು ಎರಡಾಗಿ ತೋರುವುದು. ಅಗಲವಾದ ಹಿತ್ತಾಳೆಯ ಪಾತ್ರೆಯಲ್ಲಿ ನೀರು ತುಂಬಿ, ಮಲ್ಲಿಗೆ ಸೇವಂತಿಗೆಗಳ ನಡುವೆ ತೇಲುವ ಪುಟ್ಟ ಬತ್ತಿಗಳನ್ನು ಬಿಟ್ಟರೆ ಅಂದಕ್ಕೂ ಕೊರತೆಯಿಲ್ಲ, ಭಯವೂ ಕಡಿಮೆ. ಕ್ರಿಸ್‌ಮಸ್ಸಿಗೆ ಮುಂಚಿನ ವಾರಗಳಲ್ಲಿ ಹೊತ್ತಿಸುವ ಬತ್ತಿಗಳ ಚಕ್ರವು 1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಯೋಹಾನ್ ವಿಖರ್ನ್ ಎಂಬ ಬೋಧಕರು ಅನಾಥ ಬಾಲಕರಿಗಾಗಿ ಮಾಡಿದುದು. ಹಬ್ಬಕ್ಕೆ ಎಷ್ಟು ದಿನಗಳು ಉಳಿದಿವೆಯೆಂದು ಮಕ್ಕಳು ಲೆಕ್ಕ ಹಾಕಲೆಂದೇ ಅದನ್ನು ಕಟ್ಟಿದರು. ಈಗ ಅದಕ್ಕೆ ಹಸುರು ಎಲೆಗಳನ್ನು ಸುತ್ತುವ ವಾಡಿಕೆಯಿದೆ. ನಮ್ಮ ಸೆಕೆಯಲ್ಲಿ ಎಲೆಗಳು ಬೇಗನೆ ಒಣಗುವುವು. ಒಣಗುವ ಮೊದಲೇ ಅವುಗಳನ್ನು ಬದಲಾಯಿಸತಕ್ಕದ್ದು.

ಇನ್ನು ಎಚ್ಚರಿಕೆಯ ಮಾತು. ಇಂಗ್ಲೆಂಡಿನ ಹ್ಯಾಂಪ್ಟನ್ ಕೋರ್ಟ್ ಅರಮನೆಯ ಒಂದು ಭಾಗವು 1986ರಲ್ಲಿ ಬೆಂಕಿಗೆ ಆಹುತಿಯಾಯಿತು. ಅಲ್ಲಿ ವಾಸವಾಗಿದ್ದ ವೃದ್ಧೆಯೊಬ್ಬರು ಮಡಿದರು. ಅವರ ಕೋಣೆಯ ಮೇಣದ ಬತ್ತಿಯೇ ಅದಕ್ಕೆ ಕಾರಣವೆಂದು ನಂಬಲಾಗಿದೆ. ಅರಮನೆಗೆ ಒದಗಿದ್ದು ನಮ್ಮ ಮನೆಗಳಿಗೂ ಒದಗಬಹುದು. ಮುಖ್ಯವಾಗಿ ನಮ್ಮ ಹೆಣ್ಣುಮಕ್ಕಳ ಸೆರಗು, ದುಪಟ್ಟ, ಬಿಚ್ಚಿದ ಕೂದಲು ಇವು ಉರಿಗೆ ಬಲು ಹತ್ತಿರದವು. ಕೃತಕ ನೂಲಿನ ಬಟ್ಟೆಯಾದರೋ ಕರಗಿ ಮೈಗೆ ಅಂಟಿಕೊಳ್ಳುವುದು. ಬತ್ತಿಯ ಬಳಿಗೆ ಹೋಗುವಾಗ ಸೆರಗನ್ನು ಸಿಕ್ಕಿಸಿಕೊಳ್ಳಬೇಕು. ಹೊತ್ತಿದ ಬತ್ತಿಯ ಮೇಲಿನಿಂದ ಕೈಚಾಚಿ ಏನನ್ನೂ ತೆಗೆಯಕೂಡದು. ಉಟ್ಟ ಬಟ್ಟೆಗೆ ಬೆಂಕಿ ತಗಲಿದರೆ ಓಡದೆ ನೆಲಕ್ಕೆ ಬಿದ್ದು ಹೊರಳಬೇಕು. ಹತ್ತಿರದವರು ದಪ್ಪ ಕಂಬಳಿಯನ್ನು ಹೊದಿಸಿ ಉರಿಯನ್ನು ಅಡಗಿಸಬೇಕು. ಸುಟ್ಟ ಜಾಗಕ್ಕೆ 20 ನಿಮಿಷಗಳ ಕಾಲ ತಣ್ಣೀರನ್ನು ಹರಿಯಬಿಟ್ಟು ವೈದ್ಯರ ಬಳಿಗೆ ಹೋಗಬೇಕು; ಶಾಯಿ, ಬೆಣ್ಣೆ ಮುಂತಾದವುಗಳನ್ನು ಹಚ್ಚಬಾರದು. ಪಾತ್ರೆಯಲ್ಲಿ ಮೇಣವೇ ಹೊತ್ತಿಕೊಂಡರೆ ನೀರನ್ನು ಸುರಿಯಕೂಡದು, ಉರಿಯುವ ಮೇಣವು ಸಿಡಿದು ಹರಡುವುದು. ಲೋಹದ ತಟ್ಟೆಯನ್ನು ಮುಚ್ಚಿ ಗಾಳಿಯನ್ನು ತಡೆದರೆ ಸಾಕು.

ಚಿಕ್ಕ ಮಕ್ಕಳು ಆಡುವ ಕೋಣೆಯಲ್ಲಿಯೂ ವೃದ್ಧರು ಮಲಗುವ ಕೋಣೆಯಲ್ಲಿಯೂ ಕ್ರಿಸ್‌ಮಸ್ ಮರದ ಮೇಲೆಯೂ ನಿಜವಾದ ಬತ್ತಿಗೆ ಬದಲಾಗಿ ವಿದ್ಯುತ್ತಿನ ಪುಟ್ಟ ದೀಪಗಳನ್ನು ಇಡುವುದೇ ಲೇಸು. ಇದರಲ್ಲಿ ನಾಚಿಕೆಪಡತಕ್ಕದ್ದು ಯಾವುದೂ ಇಲ್ಲ. ಮೇಜುಬಟ್ಟೆಯ ಮೇಲೆ ಮೇಣವು ತೊಟ್ಟಿಕ್ಕಿದರೆ ಮಂಜುಗಡ್ಡೆಯಿಂದ ಗಟ್ಟಿಮಾಡಿ ಎಬ್ಬಿಸಿ, ಉಳಿದ ಕಲೆಯ ಮೇಲೆ ಒತ್ತುಕಾಗದವಿಟ್ಟು ಹದವಾದ ಬಿಸಿಯ ಇಸ್ತ್ರಿಪೆಟ್ಟಿಗೆಯನ್ನು ಎಳೆದರೆ ಕಾಗದವು ಮೇಣವನ್ನು ಹೀರಿಕೊಳ್ಳುವುದು. ಕರಗಿದ ಮೇಣವನ್ನು ಮಾತ್ರ ಬಚ್ಚಲಿಗೆ ಚೆಲ್ಲಬೇಡಿರಿ. ಅದು ಕೊಳವೆಯಲ್ಲಿ ಹೆಪ್ಪುಗಟ್ಟುವುದು.

ತಾಯಂದಿರು ತಮ್ಮ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಬತ್ತಿಯನ್ನು ಮುಟ್ಟಬೇಡವೆಂದು ಗದರಿಸುವುದಕ್ಕಿಂತ ತಕ್ಕ ವಯಸ್ಸು ಬಂದಾಗ ಹತ್ತಿರ ನಿಲ್ಲಿಸಿಕೊಂಡು ಹೊತ್ತಿಸುವುದನ್ನೂ ಆರಿಸುವುದನ್ನೂ ಕಲಿಸಬೇಕೆಂದು ಕೋರುವೆವು. ಬತ್ತಿಯನ್ನು ಹೊತ್ತಿಸಿದವರು ಅದನ್ನು ತಾವೇ ಆರಿಸಿ, ನೂಲಿನ ಕೆಂಡವು ಕಪ್ಪಾಗುವ ತನಕ ನಿಂತು ನೋಡಿದ ಬಳಿಕವೇ ಕೋಣೆಯನ್ನು ಬಿಡಬೇಕೆಂಬ ಒಂದು ನಿಯಮವನ್ನು ಪ್ರತಿಯೊಂದು ಮನೆಯಲ್ಲಿಯೂ ಇಟ್ಟುಕೊಳ್ಳಲಿ.