ಮುಪ್ಪಿನ ಮರೆವಿಗೆ ಹೊಸ ಇಂಜೆಕ್ಷನ್: ಹೊಲ ಮಾರುವ ಮುನ್ನ

ಕಳೆದ ಮಳೆಗಾಲದಲ್ಲಿ ಕರೋಶಿಯ ರೈತರೊಬ್ಬರು ತಮ್ಮ ತಂದೆಯನ್ನು ನನ್ನ ದವಾಖಾನೆಗೆ ಕರೆತಂದರು. ತಂದೆಗೆ ಎಪ್ಪತ್ತು ದಾಟಿದೆ. ಚಿಕ್ಕೋಡಿಯಿಂದ ಬಸ್ಸಿನಲ್ಲಿ ಹಿಂದಿರುಗುವಾಗ ಸ್ವಂತ ಊರೇ ಗುರುತಾಗದೆ ಮುಂದೆ ಹೋಗಿಬಿಟ್ಟಿದ್ದರು. ಕಬ್ಬಿನ ಬಿಲ್ಲು ಬಂತೇ ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದರು. ಮಗ ಹೊಸ ಔಷಧದ ಸುದ್ದಿ ಓದಿದ್ದರು. “ಆ ಇಂಜೆಕ್ಷನ್ ಮಾಡಿಸಿದ್ರ ಅಪ್ಪನ ನೆನಪು ತಿರುಗಿ ಬರತೈತೇನ್ರಿ ಡಾಕ್ಟರ? ಬೇಕಾದ್ರ ಎರಡ ಎಕರೆ ಮಾರತೀನ್ರಿ” ಎಂದರು.

ಇದೇ ಪ್ರಶ್ನೆ ನಿಮ್ಮ ಮನೆಯಲ್ಲೂ ಏಳಬಹುದು. ಆದ್ದರಿಂದ ವಿಷಯವನ್ನು ಸರಿಯಾಗಿ ತಿಳಿದುಕೊಳ್ಳೋಣ.

ಔಷಧ ಹೇಗೆ ಕೆಲಸ ಮಾಡುತ್ತದೆ?

ಮುಪ್ಪಿನ ಮರೆಗುಳಿತನಕ್ಕೆ ಮುಖ್ಯ ಕಾರಣ ಆಲ್ಜೈಮರ್ ಕಾಯಿಲೆ. ಇದರಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ಮಿದುಳಿನ ಜೀವಕೋಶಗಳ ನಡುವೆ ಗಂಟು ಗಂಟಾಗಿ ಕೂಡಿಕೊಳ್ಳುತ್ತದೆ. ರೋಗಾಣು ಹೊಕ್ಕಾಗ ನಮ್ಮ ದೇಹ ಪ್ರತಿಕಾಯಗಳನ್ನು ತಯಾರಿಸಿ ಹೋರಾಡುತ್ತದಷ್ಟೆ. ಅದೇ ಪ್ರತಿಕಾಯಗಳಿಂದ ಈ ಕಸವನ್ನು ತೆಗೆಸಬಾರದೇಕೆ ಎಂಬುದು ವಿಜ್ಞಾನಿಗಳ ಆಲೋಚನೆ.

ಮೊದಲು ಲಸಿಕೆಯ ರೂಪದಲ್ಲಿ ಪ್ರಯತ್ನ ನಡೆಯಿತು. ಆದರೆ ಲಸಿಕೆ ಪಡೆದ ಸುಮಾರು 300 ಜನರಲ್ಲಿ 18 ಮಂದಿಗೆ ಮಿದುಳಿನ ಉರಿಯೂತ ಕಾಣಿಸಿಕೊಂಡು 2002ರಲ್ಲಿ ಆ ಪ್ರಯೋಗ ನಿಂತಿತು. ಅನಂತರ ಪ್ರಯೋಗಶಾಲೆಯಲ್ಲೇ ಪ್ರತಿಕಾಯ ತಯಾರಿಸಿ ರಕ್ತನಾಳಕ್ಕೆ ಕೊಡುವ ಕ್ರಮ ಬಂತು. ಲೆಕಾನೆಮಾಬ್ ಮತ್ತು ಡೊನಾನೆಮಾಬ್ ಇಂಥ ಔಷಧಗಳು. ಅಮೆರಿಕದಲ್ಲಿ ಇವುಗಳಿಗೆ ಕ್ರಮವಾಗಿ 2023 ಮತ್ತು 2024ರಲ್ಲಿ ಅನುಮತಿ ದೊರೆಯಿತು.

ಫಲ ಎಷ್ಟು, ಅಪಾಯ ಎಷ್ಟು?

ಲೆಕಾನೆಮಾಬ್ ಪರೀಕ್ಷೆಯಲ್ಲಿ 1,795 ಜನ ಪಾಲ್ಗೊಂಡಿದ್ದರು. ಎಲ್ಲರದೂ ಆರಂಭದ ಹಂತದ ಕಾಯಿಲೆ. ಅರ್ಧದಷ್ಟು ಜನರಿಗೆ ಎರಡು ವಾರಕ್ಕೊಮ್ಮೆ ಔಷಧ, ಉಳಿದವರಿಗೆ ಔಷಧವಿಲ್ಲದ ದ್ರಾವಣ ಕೊಟ್ಟರು. ಯಾರಿಗೆ ಯಾವುದೆಂಬುದು ರೋಗಿಗೂ ತಿಳಿಯದು, ಪರೀಕ್ಷಿಸುವ ವೈದ್ಯರಿಗೂ ತಿಳಿಯದು. ಹದಿನೆಂಟು ತಿಂಗಳ ನಂತರ ನೋಡಿದರೆ ಎರಡೂ ಗುಂಪಿನವರ ಸ್ಥಿತಿ ಇಳಿದಿತ್ತು. ಔಷಧ ಪಡೆದವರಲ್ಲಿ ಇಳಿತ ಶೇಕಡಾ 27ರಷ್ಟು ನಿಧಾನವಾಗಿತ್ತು. 18 ಅಂಕಗಳ ಅಳತೆಯಲ್ಲಿ ಈ ವ್ಯತ್ಯಾಸ ಅರ್ಧ ಅಂಕಕ್ಕಿಂತ ಕಡಿಮೆ.

ಎಂದರೆ, ಹೋದ ನೆನಪನ್ನು ಈ ಔಷಧ ಮರಳಿ ತರುವುದಿಲ್ಲ. ಹೋಗುವ ವೇಗವನ್ನು ತುಸು ತಗ್ಗಿಸುತ್ತದೆ. ಕಾಯಿಲೆ ಬಲಿತವರಿಗೆ ಇದನ್ನು ಕೊಡುವುದಿಲ್ಲ. ಔಷಧ ಪಡೆದ ನೂರರಲ್ಲಿ ಹನ್ನೆರಡು ಹದಿಮೂರು ಮಂದಿಗೆ ಮಿದುಳಿನಲ್ಲಿ ಬಾವು ಕಂಡಿತು. ಹೆಚ್ಚಿನವರಿಗೆ ತೊಂದರೆಯೇನೂ ತಿಳಿಯಲಿಲ್ಲವಾದರೂ, ಇಂಥ ಔಷಧಗಳಿಂದ ಮಿದುಳಿನಲ್ಲಿ ರಕ್ತಸ್ರಾವವಾಗಿ ಪ್ರಾಣಾಪಾಯವಾದದ್ದೂ ಉಂಟು. ಆದ್ದರಿಂದ ಮತ್ತೆ ಮತ್ತೆ ಎಂ.ಆರ್.ಐ. ತೆಗೆಸಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ವಿಶೇಷ ಎಚ್ಚರ ವಹಿಸಬೇಕು.

ಮೊದಲು ಮಾಡಬೇಕಾದ್ದು

“ಅರವತ್ತಕ್ಕೆ ಅರಳು ಮರಳು” ಎಂದು ಸುಮ್ಮನಿರಬೇಡಿ. ಪರಿಚಿತ ದಾರಿ ತಪ್ಪುವುದು, ಹಣದ ಲೆಕ್ಕ ತಪ್ಪುವುದು, ಕೇಳಿದ್ದನ್ನೇ ಕೇಳುವುದು ಕಂಡರೆ ವೈದ್ಯರಿಗೆ ತೋರಿಸಿ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ, ಮನಸ್ಸಿನ ಖಿನ್ನತೆ, ಕಿವುಡು, ನಿದ್ರೆಮಾತ್ರೆ ಇವುಗಳಿಂದಲೂ ಮರೆವು ಬರುತ್ತದೆ. ಇವಕ್ಕೆ ಕಡಿಮೆ ಖರ್ಚಿನಲ್ಲೇ ಪರಿಹಾರವಿದೆ. ಅನುಮಾನ ಉಳಿದರೆ ಬೆಳಗಾವಿಯ ನರರೋಗ ತಜ್ಞರನ್ನು ಇಲ್ಲವೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯನ್ನು ಕಾಣಬಹುದು.

ನಮ್ಮ ಹಳ್ಳಿಗರ ಮಿದುಳಿಗೆ ವಯಸ್ಸಾಗುವ ಬಗೆಯನ್ನು ತಿಳಿಯಲು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ದೀರ್ಘ ಅಧ್ಯಯನ ಕೈಗೊಂಡಿದೆ. 45 ವರ್ಷ ದಾಟಿದವರನ್ನು ವರ್ಷಗಟ್ಟಲೆ ಗಮನಿಸುವುದು ಅದರ ಕ್ರಮ. ಈ ವಯಸ್ಸಿಗೇ ನೀವು ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಹತೋಟಿಯಲ್ಲಿಟ್ಟು, ತಂಬಾಕು ಬಿಟ್ಟು, ದಿನಾಲು ನಡೆದಾಡಿದರೆ ಮಿದುಳಿಗೂ ಒಳಿತು.

ಕರೋಶಿಯ ಹಿರಿಯರಿಗೆ ಬಿ-12 ತೀರ ಕಡಿಮೆಯಿತ್ತು. ಕೆಲವು ತಿಂಗಳ ಚಿಕಿತ್ಸೆಯಿಂದ ಅವರು ಚೇತರಿಸಿಕೊಂಡರು. ಮರೆವು ಪೂರ್ತಿ ಹೋಗಿಲ್ಲ. ಬಸ್ಸಿನಲ್ಲಿ ಮೊಮ್ಮಗ ಜೊತೆಗಿರುತ್ತಾನೆ. ಎರಡೆಕರೆ ಹೊಲ ಮಾತ್ರ ಉಳಿಯಿತು.