ಹಿಮನದಿಗಳು ಕೆತ್ತಿದ ಬೆಟ್ಟಗಳು

ಭೂಗೋಳದ ತರಗತಿಯಲ್ಲಿ ಹಿಮಯುಗದ ಪಾಠವು ಬಂದಾಗ, ಇದು ಸತ್ಯವೇದದಲ್ಲಿರುವ ಜಲಪ್ರಳಯದ ವೃತ್ತಾಂತಕ್ಕೆ ವಿರುದ್ಧವಾಗುವದಿಲ್ಲವೇ ಎಂದು ತಾಯಿತಂದೆಗಳಲ್ಲಿ ಕೆಲವರು ನಮ್ಮನ್ನು ಕೇಳುವದುಂಟು. ಪ್ರಶ್ನೆಯು ಯೋಗ್ಯವಾದದ್ದು. ತಮ್ಮ ಹೆಣ್ಣುಮಕ್ಕಳ ಬುದ್ಧಿಯನ್ನೂ ನಂಬಿಕೆಯನ್ನೂ ನಮ್ಮ ಕೈಗೆ ಒಪ್ಪಿಸಿದವರಿಗೆ ನಾವು ತಕ್ಕ ಉತ್ತರವನ್ನು ಕೊಡಬೇಕು. ಆದುದರಿಂದ ಈ ಪಾಠವು ಹುಟ್ಟಿದ ದೇಶದ ಬೆಟ್ಟಗಳು ಏನು ಹೇಳುತ್ತವೆ ಎಂಬದನ್ನು ಮೊದಲು ವಿಚಾರಿಸೋಣ.

೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನ ಮೂಲಕ ಸ್ವಿಟ್ಜರ್ಲೆಂಡ್ ದೇಶದ ಹೆಸರು ನಮ್ಮಲ್ಲಿ ಅನೇಕರಿಗೆ ಪರಿಚಿತವಾಗಿದೆ. ಆ ದೇಶದ ದಕ್ಷಿಣದಲ್ಲಿ ಆಲ್ಪ್ಸ್ ಪರ್ವತಗಳೂ ವಾಯವ್ಯದಲ್ಲಿ ಜೂರಾ ಬೆಟ್ಟಗಳೂ ಇವೆ. ಜೂರಾ ಬೆಟ್ಟಗಳು ಸುಣ್ಣಕಲ್ಲಿನವು. ಹಾಗಿದ್ದರೂ ನೋಷಾಟೆಲ್ ಪಟ್ಟಣದ ಮೇಲಣ ಕಾಡಿನಲ್ಲಿ ಮನೆಯಷ್ಟು ದೊಡ್ಡದಾದ ಗ್ರಾನೈಟ್ ಬಂಡೆಯೊಂದು ಕುಳಿತಿದೆ. ಆ ಜಾತಿಯ ಕಲ್ಲು ಸಿಕ್ಕುವದು ೬೦ ಮೈಲಿಗೂ ಹೆಚ್ಚು ದೂರದ ಮೋಂ ಬ್ಲಾಂ ಪರ್ವತದ ಕಡೆಯಲ್ಲಿ. ಹಾಗಾದರೆ ಇದನ್ನು ಹೊತ್ತು ತಂದದ್ದು ಯಾವದು?

ಇಲ್ಲಿ ನಮ್ಮ ಹಂಪೆಯ ಬೆಟ್ಟಗಳನ್ನು ನೆನಪಿಗೆ ತಂದುಕೊಳ್ಳಬಹುದು. ಅಲ್ಲಿಯೂ ಪೇರಿಸಿಟ್ಟಂತೆ ಗುಂಡುಗಳಿವೆ. ಆದರೆ ಗುಂಡುಗಳೂ ಅವುಗಳ ಕೆಳಗಣ ಬೆಟ್ಟವೂ ಒಂದೇ ಜಾತಿಯ ಕಲ್ಲು. ಬಂಡೆಯು ಬಿಸಿಲುಮಳೆಗಳಿಗೆ ಬಿರುಕುಗಳುದ್ದಕ್ಕೂ ಸವೆದು, ಇದ್ದಲ್ಲಿಯೇ ಗುಂಡಾಯಿತು. ಜೂರಾದ ಬಂಡೆಯಾದರೋ ತಾನು ಕುಳಿತ ನೆಲಕ್ಕೆ ಪರದೇಶಿಯಾಗಿದೆ. ಈ ವ್ಯತ್ಯಾಸವನ್ನು ಗುರುತಿಸಬಲ್ಲ ಹುಡುಗಿಯು ಪಾಠದಲ್ಲಿ ಅರ್ಧವನ್ನು ಕಲಿತಂತೆಯೇ.

ಇಂಥ ಬಂಡೆಗಳನ್ನು ಮಹಾಪ್ರವಾಹವು ತಂದಿತೆಂದು ಪಂಡಿತರು ಬಹುಕಾಲ ಹೇಳುತ್ತಿದ್ದರು. ಆಲ್ಪ್ಸಿನ ಬೇಟೆಗಾರನಾದ ಪೆರೋದಾಂ ಎಂಬವನು ಮಾತ್ರ ಒಪ್ಪಲಿಲ್ಲ. ಈಗಿನ ಹಿಮನದಿಗಳ ಬಳಿಯಲ್ಲಿ ತಾನು ಕಾಣುವ ಗುರುತುಗಳೇ ಕೆಳಗಣ ಕಣಿವೆಯಲ್ಲಿಯೂ ಇರುವದರಿಂದ, ಮುಂಚೆ ಕಣಿವೆಯೆಲ್ಲವೂ ಹಿಮನದಿಯಿಂದ ತುಂಬಿತ್ತೆಂದು ಅವನು ೧೮೧೫ರಲ್ಲಿ ಷಾರ್ಪಾಂತಿಯೆ ಎಂಬ ಗಣಿಯ ಅಧಿಕಾರಿಗೆ ಹೇಳಿದನು. ಅಧಿಕಾರಿಗಳು ಆಗ ನಂಬಲಿಲ್ಲ.

ಹಿಮನದಿಯು ಕೆಲಸಮಾಡುವ ರೀತಿಯು ಹೀಗೆ. ಎತ್ತರದಲ್ಲಿ ವರುಷ ವರುಷವೂ ಬೀಳುವ ಹಿಮವು ಕರಗದೆ ಒತ್ತಿಕೊಂಡು ಮಂಜುಗಡ್ಡೆಯಾಗುವದು. ತನ್ನ ಭಾರದಿಂದಲೇ ಮೆಲ್ಲಮೆಲ್ಲನೆ ಕೆಳಗೆ ಸರಿಯುವದು. ಅದರ ಅಡಿಯಲ್ಲಿ ಸಿಕ್ಕಿಕೊಂಡ ಕಲ್ಲುಗಳು ಕಮ್ಮಾರನ ಅರದ ಹಲ್ಲುಗಳಂತೆ ನೆಲದ ಬಂಡೆಯನ್ನು ಉಜ್ಜಿ ಉದ್ದವಾದ ನೇರ ಗೀರುಗಳನ್ನು ಎಳೆಯುವವು. ಹರಿಯುವ ನೀರು ಕಲ್ಲನ್ನು ನುಣುಪುಮಾಡೀತೇ ಹೊರತು ಹೀಗೆ ಗೀರಲಾರದು. ಹೊಳೆಯು ಕೊರೆದ ಬೆಟ್ಟದ ಕಣಿವೆಯು ತಳದಲ್ಲಿ ಇಕ್ಕಟ್ಟಾಗಿರುವದು. ಹಿಮನದಿಯ ಕಣಿವೆಯು ದನಗಳ ಕಲ್ಲುತೊಟ್ಟಿಯಂತೆ ತಳದಲ್ಲಿ ಅಗಲವಾಗಿಯೂ ಪಕ್ಕಗಳಲ್ಲಿ ಕಡಿದಾಗಿಯೂ ಇರುವದು. ಲೌಟರ್‌ಬ್ರುನ್ನೆನ್ ಕಣಿವೆಯು ಇಂಥದು. ಅದರ ಪಕ್ಕದ ಗೋಡೆಯಿಂದ ಸ್ಟೌಬಾಖ್ ಎಂಬ ತೊರೆಯು ೯೦೦ ಅಡಿಗೂ ಹೆಚ್ಚು ಕೆಳಕ್ಕೆ ಧುಮುಕುತ್ತದೆ. ಹಿಮನದಿಯು ಕರಗಿಹೋಗುವ ತುದಿಯಲ್ಲಿ, ಅದು ಹೊತ್ತುತಂದ ಕಲ್ಲುಮಣ್ಣುಗಳು ಅಡ್ಡ ದಿಬ್ಬವಾಗಿ ಉಳಿಯುವವು. ಸುಮಾರು ೨೦,೦೦೦ ವರುಷಗಳ ಹಿಂದೆ ಆಲ್ಪ್ಸಿನ ಹಿಮನದಿಗಳು ಜೂರಾದ ವರೆಗೂ ಹಬ್ಬಿದ್ದವು.

ಕಡೆಗೆ ಷಾರ್ಪಾಂತಿಯೆಯವರೂ ಗುರುತುಗಳನ್ನು ಪರೀಕ್ಷಿಸಿ ಒಪ್ಪಿಕೊಂಡರು. ಅವರೊಡನೆ ವಾದಿಸಬೇಕೆಂದು ೧೮೩೬ರಲ್ಲಿ ಹೋದ ಲೂಯಿ ಅಗಸಿ ಎಂಬ ಪಂಡಿತರು ತಾವೇ ಒಪ್ಪಿ ಹಿಂದಿರುಗಿ, ಮರುವರುಷ ನೋಷಾಟೆಲಿನಲ್ಲಿ ಹಿಮಯುಗದ ವಿಷಯವಾಗಿ ಪ್ರಸಿದ್ಧ ಉಪನ್ಯಾಸವನ್ನು ಮಾಡಿದರು. ಈ ಅಗಸಿಯವರು ಒಬ್ಬ ಪಾದ್ರಿಯ ಮಗನು.

ತಾಯಿತಂದೆಗಳ ಪ್ರಶ್ನೆಗೆ ಉತ್ತರವು ಇನ್ನೊಬ್ಬರ ನಡತೆಯಲ್ಲಿದೆ. ಆಕ್ಸ್‌ಫರ್ಡಿನ ಉಪಾಧ್ಯಾಯರೂ ದೀಕ್ಷೆ ಹೊಂದಿದ ಬೋಧಕರೂ ಆದ ವಿಲಿಯಮ್ ಬಕ್ಲಂಡರು ೧೮೨೩ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿ, ಇಂಥ ಗುರುತುಗಳು ಜಲಪ್ರಳಯದವೆಂದು ವಾದಿಸಿದ್ದರು. ೧೮೪೦ರಲ್ಲಿ ಅಗಸಿಯವರೊಡನೆ ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಸಂಚರಿಸಿ, ಗೀರುಗಳನ್ನೂ ದಿಬ್ಬಗಳನ್ನೂ ಕಣ್ಣಾರೆ ಕಂಡು, ಇದು ಹಿಮನದಿಗಳ ಕೆಲಸವೆಂದು ಲಂಡನಿನ ವಿದ್ವಾಂಸರ ಸಭೆಯಲ್ಲಿ ಬಹಿರಂಗವಾಗಿ ಹೇಳಿದರು. ಇದರಿಂದ ಅವರ ನಂಬಿಕೆಯು ಕೆಡಲಿಲ್ಲ. ೧೮೪೫ರಲ್ಲಿ ಅವರು ವೆಸ್ಟ್‌ಮಿನ್‌ಸ್ಟರ್ ದೇವಾಲಯದ ಡೀನರಾದರು. ದೇವರ ಸೃಷ್ಟಿಯನ್ನು ನಿಜವಾಗಿ ನೋಡುವವನಿಗೆ ದೇವರಿಂದ ದೂರವಾಗುವ ಭಯವೇಕೆ?

ಈ ಪುಸ್ತಕವು ಇನ್ನೂ ತೆರೆದೇ ಇದೆ. ೨೦೨೨, ೨೦೨೩ ಈ ಎರಡೇ ವರುಷಗಳಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳು ತಮ್ಮ ಗಾತ್ರದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲನ್ನು ಕಳೆದುಕೊಂಡವು. ಅವು ಹಿಂದೆಗೆದ ನೆಲದಲ್ಲಿ ಅವೇ ಗೀರುಗಳು, ಅವೇ ದಿಬ್ಬಗಳು ಹೊಸದಾಗಿ ಕಾಣಬರುತ್ತವೆ. ಬೇಟೆಗಾರನು ಕಂಡದ್ದನ್ನು ಈಗ ಶಾಲೆಯ ಮಕ್ಕಳೂ ಕಾಣಬಹುದು. ಆದರೆ ಹೀಗೆ ಕಾಣುವದು ವ್ಯಸನದ ಸಂಗತಿಯೇ ಸರಿ, ಏಕೆಂದರೆ ಆ ನದಿಗಳ ನೀರನ್ನು ನೆಚ್ಚಿದವರು ಬಹುಮಂದಿ.

ಪ್ರಿಯ ಪೂರ್ವ ವಿದ್ಯಾರ್ಥಿನಿಯರೇ, ನಿಮ್ಮ ಮಕ್ಕಳು ದಾರಿಯಲ್ಲಿ ಸಿಕ್ಕಿದ ಕಲ್ಲನ್ನು ಮಡಿಲಿಗೆ ತಂದು ಹಾಕಿ, ಇದು ಎಲ್ಲಿಂದ ಬಂತೆಂದು ಕೇಳಿದರೆ ಗದರಿಸಬೇಡಿರಿ. ಕಲ್ಲು ಸಿಕ್ಕಿದ ಸ್ಥಳಕ್ಕೆ ಅವರೊಡನೆ ಹೋಗಿ, ಸುತ್ತಲಿನ ನೆಲದಲ್ಲಿ ಅದರ ಜಾತಿಯ ಕಲ್ಲು ಉಂಟೋ ಇಲ್ಲವೋ ನೋಡಿರಿ.