ಕನ್ನಡಿಯ ಟೊಪ್ಪಿಗೆ ಮುರಿದಾಗ

ಇಕ್ಕಟ್ಟಾದ ರಸ್ತೆಯಲ್ಲಿ ಆಟೋವೊಂದು ಸವರಿಕೊಂಡು ಹೋದರೆ ಕಾರಿನಲ್ಲಿ ಮೊದಲು ಏಟು ತಿನ್ನುವುದು ಪಕ್ಕದ ಕನ್ನಡಿ. ಗಾಜು ಹೇಗೋ ಉಳಿದರೂ ಅದರ ಬೆನ್ನಿಗಿರುವ ಬಣ್ಣದ ಟೊಪ್ಪಿಗೆ ಸೀಳುತ್ತದೆ, ಇಲ್ಲವೆ ಒಳಗಿನ ಪುಟ್ಟ ಕೊಕ್ಕೆಗಳು ಮುರಿಯುತ್ತವೆ. ಟೇಪು ಸುತ್ತಿ ತಿಂಗಳುಗಟ್ಟಲೆ ಓಡಿಸುವವರುಂಟು. ಹೆದ್ದಾರಿಯ ವೇಗದಲ್ಲಿ ಟೊಪ್ಪಿಗೆ ಕಳಚಿ ಹಾರಿದರೆ ಬಡಿಯುವುದು ಹಿಂದೆ ಬರುವ ಸ್ಕೂಟರ್ ಸವಾರನಿಗೆ ಎಂಬುದು ಅವರಿಗೆ ಹೊಳೆದಂತಿಲ್ಲ.

ರಿಪೇರಿಗೆ ಮೊದಲು ಪ್ಲಾಸ್ಟಿಕ್ಕಿನ ಜಾತಿ ತಿಳಿಯಬೇಕು. ಟೊಪ್ಪಿಗೆಯ ಒಳಮೈಯಲ್ಲಿ ಅದರ ಹೆಸರನ್ನು ಅಚ್ಚೊತ್ತಿರುವುದು ವಾಡಿಕೆ. ಹೆಚ್ಚಾಗಿ ಕಾಣುವುದು ಎ.ಬಿ.ಎಸ್. ಅಕ್ರಿಲೋನೈಟ್ರೈಲ್, ಬ್ಯೂಟಡೈಈನ್, ಸ್ಟೈರೀನ್ ಎಂಬ ಮೂರರಿಂದಾದ ಇದು ಮಕ್ಕಳ ಲೆಗೊ ಇಟ್ಟಿಗೆಗಳ ಪ್ಲಾಸ್ಟಿಕ್ಕೇ. ಪಿ.ಪಿ. ಎಂದಿದ್ದರೆ ಅದು ಪಾಲಿಪ್ರೊಪಿಲೀನ್. ಗುರುತು ಕಾಣದಿದ್ದರೆ ಬಣ್ಣ ಕೆರೆದ ಚೂರೊಂದನ್ನು ನೀರಿಗೆ ಹಾಕಿ. ಎ.ಬಿ.ಎಸ್. ನೀರಿಗಿಂತ ತುಸು ಭಾರ, ಮುಳುಗುತ್ತದೆ. ಶುದ್ಧ ಪಾಲಿಪ್ರೊಪಿಲೀನ್ ತೇಲುತ್ತದೆ. ಆದರೆ ಟಾಲ್ಕ್ ಪುಡಿ ಬೆರೆಸಿದ ಪಾಲಿಪ್ರೊಪಿಲೀನ್ ಕೂಡ ಮುಳುಗಬಹುದು. ಆದ್ದರಿಂದ ಇನ್ನೊಂದು ಚೂರಿನ ಮೇಲೆ ಒಂದು ಹನಿ ಅಸಿಟೋನ್ ಬಿಟ್ಟು ನೋಡಿ: ಮೈ ಅಂಟಂಟಾದರೆ ನಿಮ್ಮ ಕೆಲಸ ಸುಲಭ.

ಏಕೆಂದರೆ ಇಲ್ಲಿ ನಡೆಯುವುದು ಅಂಟಿಸುವಿಕೆಯಲ್ಲ, ಬೆಸುಗೆ. ಅಸಿಟೋನ್ ಒಳನುಗ್ಗಿ ಎ.ಬಿ.ಎಸ್.ನ ಉದ್ದುದ್ದದ ಅಣುಸರಪಳಿಗಳನ್ನು ಸಡಿಲಿಸುತ್ತದೆ. ಎರಡೂ ಅಂಚುಗಳ ಸರಪಳಿಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ದ್ರಾವಕ ಆರಿಹೋದ ಮೇಲೆ ಉಳಿಯುವುದು ಒಂದೇ ಪ್ಲಾಸ್ಟಿಕ್. ಪಾಲಿಪ್ರೊಪಿಲೀನ್ ಅಸಿಟೋನಿಗೆ ಜಗ್ಗುವುದಿಲ್ಲ, ಸಾಮಾನ್ಯ ಅಂಟೂ ಅದಕ್ಕೆ ಹಿಡಿಯದು. ಅದನ್ನು ಕಾಯಿಸಿಯೇ ಬೆಸೆಯಬೇಕು.

ಅದೇ ಎ.ಬಿ.ಎಸ್. ಚೂರುಗಳನ್ನು ಗಾಜಿನ ಶೀಶೆಯಲ್ಲಿ ಅಸಿಟೋನಿನೊಡನೆ ನೆನೆಸಿಟ್ಟರೆ ದೋಸೆಹಿಟ್ಟಿನಂಥ ಸರಿ ಸಿದ್ಧವಾಗುತ್ತದೆ. ಸೀಳನ್ನು ಒತ್ತಿಹಿಡಿದು, ಒಳಗಿನಿಂದ ಮಾತ್ರ ಸವರಿ. ಹೊರಗೆ ತಾಗಿದರೆ ಬಣ್ಣ ಕಿತ್ತುಬರುತ್ತದೆ. ಅಸಿಟೋನ್ ಕುದಿಯುವುದು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆದರೆ ಅದರ ಆವಿಗೆ ಬೆಂಕಿ ತಗಲಲು ಕೊಠಡಿಯ ಉಷ್ಣತೆಯೇ ಧಾರಾಳ. ಹಾಗಾಗಿ ಕೆಲಸ ಬಯಲಲ್ಲಿ, ಒಲೆಯಿಂದ ದೂರದಲ್ಲಿ, ಹಿರಿಯರ ಎದುರಿನಲ್ಲೇ ಆಗಬೇಕು.

ಕೊಕ್ಕೆಯ ವಿಷಯದಲ್ಲಿ ಬಹುಮಂದಿ ಎಡವುತ್ತಾರೆ. ಗಟ್ಟಿಯಾಗಲೆಂದು ಇಡೀ ಕೊಕ್ಕೆಯನ್ನು ದಪ್ಪ ಮಾಡುತ್ತಾರೆ. ಕೂರಿಸುವಾಗಲೇ ಅದು ಟಕ್ಕೆಂದು ಮುರಿಯುತ್ತದೆ. ಕೊಕ್ಕೆಯೆಂದರೆ ಒಂದೇ ತುದಿಗೆ ಆಧಾರವಿರುವ ತೊಲೆ. ಅಷ್ಟೇ ಬಾಗಿಸಿದರೂ ದಪ್ಪ ಇಮ್ಮಡಿಯಾದರೆ ಬುಡದ ಮೇಲಿನ ಎಳೆತ ಇಮ್ಮಡಿ. ಉದ್ದ ಅರ್ಧವಾದರೆ ನಾಲ್ಕು ಪಟ್ಟು! ಆದುದರಿಂದ ಕೊಕ್ಕೆ ಮೊದಲಿನಷ್ಟೇ ತೆಳುವಾಗಿ, ಮೊದಲಿನಷ್ಟೇ ಉದ್ದವಾಗಿರಲಿ. ಬುಡದ ಮೂಲೆಯನ್ನಷ್ಟೇ ಸರಿಯಿಂದ ತುಂಬಿ ದುಂಡಗೆ ಮಾಡಿ.

ಒಂದು ದಿನ ಪೂರ್ತಿ ಆರಲಿ. ಕೂರಿಸಲು ಬಿಸಿಲು ಬಂದ ಮೇಲಿನ ಹೊತ್ತು ಒಳ್ಳೆಯದು, ಚಳಿಯಲ್ಲಿ ಪ್ಲಾಸ್ಟಿಕ್ ಪೆಡಸು. ಇಂಡಿಕೇಟರಿನ ತಂತಿ ನಡುವೆ ಸಿಕ್ಕಿಕೊಂಡಿಲ್ಲವೆಂದು ನೋಡಿ, ಒಂದು ಅಂಚಿನಿಂದ ಆರಂಭಿಸಿ ಅಂಗೈಯಿಂದ ಒತ್ತುತ್ತ ಬನ್ನಿ. ಪ್ರತಿ ಕೊಕ್ಕೆಯೂ ಸದ್ದು ಮಾಡಬೇಕು. ಒಂದು ಸುಮ್ಮನಿದ್ದರೂ ಟೊಪ್ಪಿಗೆಯನ್ನು ತೆಗೆದು ಮತ್ತೆ ನೋಡಿ.